ಅಲ್ಯೂಮಿನಿಯಂ ಆರ್ಮ್ ಕೊಳ್ಳುವ ಮೊದಲು ಸ್ವಲ್ಪ ತಡೆಯಿರಿ

ರಿಮೋಟಿನಿಂದ ಓಡಿಸುವ ನಿಮ್ಮ ಆರ್‌ಸಿ ಆಟಿಕೆ ಟ್ರಕ್ಕಿಗೆ ಅಲ್ಯೂಮಿನಿಯಂ ಸಸ್ಪೆನ್ಷನ್ ಆರ್ಮ್ (ಚಕ್ರವನ್ನು ಶಾಸಿಗೆ, ಅಂದರೆ ತಳದ ಚೌಕಟ್ಟಿಗೆ, ಜೋಡಿಸುವ ತೋಳು) ತರಿಸುವ ಯೋಚನೆ ಇದ್ದರೆ ದಯವಿಟ್ಟು ಎರಡು ದಿನ ತಡೆಯಿರಿ. ನಾನು ತಡೆಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿರಾಜಪೇಟೆಯ ಹತ್ತಿರ ನಮ್ಮ ಮನೆ. ರೊಬಸ್ಟಾ ಕೊಯ್ಲು ಮುಗಿದು ಕಾಫಿ ಕಣ ಖಾಲಿಯಾದ ಮೇಲೆ ನಾನೂ ಅಕ್ಕನ ಮಗನೂ ಅಲ್ಲೇ 1/10 ಅಳತೆಯ ಟ್ರಕ್ ಓಡಿಸುತ್ತೇವೆ. ಕಣದ ಅಂಚಿನಲ್ಲಿರುವ ಸಿಲ್ವರ್ ಓಕ್ ಮರದ ಬೇರಿಗೆ ಬಡಿದು ಮುಂದಿನ ಪ್ಲಾಸ್ಟಿಕ್ ಆರ್ಮ್ ಎರಡು ಸಲ ಮುರಿದಿತ್ತು. ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ. "ಅಲ್ಯೂಮಿನಿಯಂ ಹಾಕಿ ಸರ್, ಮುರಿಯುವ ಮಾತೇ ಇಲ್ಲ" ಎಂದರು. ನಾಲ್ಕೂ ಆರ್ಮ್, ಜೊತೆಗೊಂದು ಬ್ರಷ್‌ಲೆಸ್ (ಒಳಗೆ ಕಾರ್ಬನ್ ಬ್ರಷ್ ಇಲ್ಲದ) ಮೋಟಾರು ಬಂದವು. ಏಳು ಸಾವಿರ ರೂಪಾಯಿ ಹೋಯಿತು.

ಮೂರನೆಯ ದಿನ ಅದೇ ಬೇರಿಗೆ ಬಡಿಯಿತು. ಎತ್ತಿ ನೋಡಿದರೆ ಆರ್ಮ್ ಮೇಲೆ ಒಂದು ಗೀರೂ ಇಲ್ಲ. ಅದನ್ನು ಹಿಡಿದಿದ್ದ ಪಿನ್ ಮಾತ್ರ ಶಾಸಿಯ ಮೂತಿಯನ್ನೇ ಕಿತ್ತುಕೊಂಡು ಬಂದಿತ್ತು. ಕಪ್ಪು ಪ್ಲಾಸ್ಟಿಕ್ ಹರಿದ ಜಾಗ ಸುಣ್ಣ ತಾಗಿದಂತೆ ಬೆಳ್ಳಗಾಗಿತ್ತು. "ಮಾವ, ಆರ್ಮ್ ಮುರಿದೇ ಇಲ್ಲ!" ಎಂದು ಹುಡುಗ ಖುಷಿಯಿಂದ ಕೂಗಿದ. ನನಗೆ ಸಂಕಟವಾಯಿತು.

ಹಳೆಯ ಪ್ಲಾಸ್ಟಿಕ್ ಆರ್ಮ್ ನೈಲಾನಿನದು. ಅದು ಪೆಟ್ಟು ಬಿದ್ದಾಗ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಪೆಟ್ಟು ತೀರಾ ಜೋರಾದರೆ ತಾನು ಮುರಿದು ಶಾಸಿಯನ್ನು ಉಳಿಸುತ್ತದೆ. ಅಲ್ಯೂಮಿನಿಯಂ ಆ ಪೆಟ್ಟನ್ನೆಲ್ಲ ಒಳಕ್ಕೆ ದಾಟಿಸುತ್ತದೆ. ಒಮ್ಮೆ ಬಾಗಿದರೆ ಬಾಗಿದಂತೆಯೇ ಉಳಿಯುತ್ತದೆ. ಕೆಲವು ನೂರು ರೂಪಾಯಿಯ ಆರ್ಮ್ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಶಾಸಿ ಕಳೆದುಕೊಂಡೆ.

ಮೋಟಾರಿನದೂ ಅದೇ ಪಾಡು. ಅದು 3300 ಕೆವಿಯದು. ಇಲ್ಲಿ ಕೆವಿ ಕಿಲೋವೋಲ್ಟ್ ಅಲ್ಲ; 3300 ಕೆವಿ ಎಂದರೆ ಭಾರವಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು. 7.4 ವೋಲ್ಟಿನ 2ಎಸ್ (ಎರಡು ಸೆಲ್ಲಿನ) ಬ್ಯಾಟರಿಯಲ್ಲಿ 24 ಸಾವಿರ ದಾಟುತ್ತದೆ, 11.1 ವೋಲ್ಟಿನ 3ಎಸ್‌ನಲ್ಲಿ (ಮೂರು ಸೆಲ್) 36 ಸಾವಿರ. ನಾನು 3ಎಸ್ ಹಾಕಿದೆ. ಮೋಟಾರು ತಿರುಗಿಸುವ ಒಳಗಿನ ದೊಡ್ಡ ಹಲ್ಲುಗಾಲಿ, ಅಂದರೆ ಸ್ಪರ್ ಗೇರು, ಹಳೆಯ ಪ್ಲಾಸ್ಟಿಕ್ಕಿನದೇ. ಒಂದೇ ಮಧ್ಯಾಹ್ನದಲ್ಲಿ ಅದರ ಹಲ್ಲು ಬೋಳಾಯಿತು. ಪಿನಿಯನ್ (ಮೋಟಾರಿನ ತುದಿಯ ಚಿಕ್ಕ ಗೇರು) ಕೂರಿಸುವಾಗ ಎರಡು ಗೇರುಗಳ ನಡುವೆ ನೋಟ್‌ಬುಕ್ ಹಾಳೆಯ ಪಟ್ಟಿ ಇಟ್ಟು ಒತ್ತಿ ಬಿಗಿದು, ಆಮೇಲೆ ಪಟ್ಟಿ ತೆಗೆಯಬೇಕು. ಇದನ್ನೂ ಅಂಗಡಿಯವರು ಹೇಳಲಿಲ್ಲ.

ಆ ಏಳು ಸಾವಿರ ಈಗ ಕೈಯಲ್ಲಿದ್ದಿದ್ದರೆ ಮೊದಲು ಚಕ್ರದ ಬುಶ್‌ಗಳನ್ನು (ಗುಂಡುಗಳಿಲ್ಲದ ಬರೀ ಬಳೆಗಳನ್ನು) ಕಿತ್ತು ರಬ್ಬರ್ ಸೀಲಿನ ಬೇರಿಂಗ್ ಹಾಕಿಸುತ್ತಿದ್ದೆ. ಆಮೇಲೆ ಲೋಹದ ಗೇರಿನ ಸರ್ವೊ (ಮುಂದಿನ ಚಕ್ರ ಹೊರಳಿಸುವ ಪುಟ್ಟ ಮೋಟಾರು), ಉಕ್ಕಿನ ಡ್ರೈವ್ ಶಾಫ್ಟ್, ಒಳ್ಳೆಯ ಟೈರು. ಆರ್ಮ್ ನೈಲಾನಿನದೇ ಇರಲಿ, ಒಂದು ಜೋಡಿ ಹೆಚ್ಚಿಗೆ ಪೆಟ್ಟಿಗೆಯಲ್ಲಿರಲಿ.

ಬೇರಿಂಗ್ ಹಾಕಿಸಿದವರು ನಮ್ಮ ಮಳೆಯನ್ನು ಮರೆಯಬೇಡಿ. ಕೆಸರಿನಲ್ಲಿ ಓಡಿಸಿದ ದಿನವೇ ಚಕ್ರ ಬಿಚ್ಚಿ, ಬೇರಿಂಗ್ ಒರೆಸಿ ಒಣಗಿಸಿ, ಒಂದೊಂದಕ್ಕೂ ಒಂದು ಹನಿ ಎಣ್ಣೆ ಬಿಡಿ. ಜುಲೈನಲ್ಲಿ ಒಂದು ವಾರ ಹಾಗೇ ಬಿಟ್ಟರೆ ಚಕ್ರ ತಿರುಗಿಸಿದಾಗ ಕರಕರ ಸದ್ದು ಕೇಳುತ್ತದೆ.