ಮೆನು ಆಯ್ಕೆ: ಅಡಗಿಸುವುದಕ್ಕಿಂತ ಮಂಕು ಮಾಡುವುದೇ ವಾಸಿ

ಸದ್ಯಕ್ಕೆ ಕೆಲಸ ಮಾಡದ ಮೆನು ಆಯ್ಕೆಯನ್ನು ಅಡಗಿಸಬಹುದು, ಮಂಕು ಮಾಡಿ ಉಳಿಸಬಹುದು, ಇಲ್ಲವೇ ಹಾಗೇ ಬಿಟ್ಟು ಒತ್ತಿದಾಗ ಕಾರಣ ಹೇಳಬಹುದು. ಮೂರನ್ನೂ ಡೆಸ್ಕ್‌ಟಾಪ್‌ನಲ್ಲೂ ವೆಬ್‌ನಲ್ಲೂ ಮಾಡಿ ನೋಡಿದ ಮೇಲೆ ನನ್ನ ಮತ ಎರಡನೆಯದಕ್ಕೆ. ಷರತ್ತು ಒಂದೇ: ಯಾಕೆ ಮಂಕಾಗಿದೆ ಎಂಬುದು ಅಲ್ಲೇ ತಿಳಿಯಬೇಕು.

ಅಡಗಿಸಿದರೆ ಮೆನು ಚಿಕ್ಕದಾಗುತ್ತದೆ, ಲಾಭ ಅಷ್ಟೇ. ಮೆನು ತೆರೆದು ಕೆಳಬಾಣವನ್ನು ನಾಲ್ಕು ಸಲ ಒತ್ತಿ ಎಂಟರ್ ಹೊಡೆಯುವ ರೂಢಿ ಇರುವವರಿಗೆ, ಮೇಲಿನ ಒಂದು ಆಯ್ಕೆ ಮಾಯವಾದರೂ ಸಾಕು, ‘ನಕಲಿಸು’ ಇದ್ದ ಜಾಗದಲ್ಲಿ ‘ಅಳಿಸು’ ಬಂದು ಕೂತಿರುತ್ತದೆ. ಸಹಾಯ ಕೇಳುವವರು ‘ನನ್ನಲ್ಲಿ ಆ ಆಯ್ಕೆಯೇ ಇಲ್ಲ’ ಎಂದಾಗ ಆವೃತ್ತಿ ಹಳೆಯದೋ, ಅನುಮತಿ ಇಲ್ಲವೋ, ಸಾಲನ್ನೇ ಆರಿಸಿಲ್ಲವೋ ಎಂದು ಒಂದೊಂದಾಗಿ ವಿಚಾರಿಸಬೇಕು. ಮೈಕ್ರೋಸಾಫ್ಟ್ ಆಫೀಸ್ 2000ದಲ್ಲಿ ಅಪರೂಪಕ್ಕೆ ಬಳಸುವ ಆಯ್ಕೆಗಳನ್ನು ಮರೆಗೆ ಸರಿಸುವ ಮೆನು ಬಂತು. 2007ರಲ್ಲಿ ವರ್ಡ್, ಎಕ್ಸೆಲ್‌ಗಳ ಮೆನುವಿನ ಜಾಗಕ್ಕೆ ರಿಬ್ಬನ್ (ಬಟನ್‌ಗಳನ್ನು ಟ್ಯಾಬ್‌ಗಳಲ್ಲಿ ಗುಂಪು ಮಾಡಿದ ಪಟ್ಟಿ) ಬಂತು. ರಿಬ್ಬನ್ ಕೂಡ ಅಡಗಿಸುತ್ತದೆ. ಆದರೆ ಚಿತ್ರ ಆರಿಸಿದಾಗ ಕಾಣುವ ಟ್ಯಾಬ್ ಉಳಿದವುಗಳ ಕೊನೆಗೆ ಸೇರಿಕೊಳ್ಳುವುದರಿಂದ ಬೇರೆ ಯಾವುದೂ ಜಾಗ ಬಿಟ್ಟು ಜರುಗುವುದಿಲ್ಲ. ಅಡಗಿಸಲೇಬೇಕಾದರೆ ಹಾಗೆ ಅಡಗಿಸಿ.

ಅಡಗಿಸಿದ ಆಯ್ಕೆಯ ಕೀಬೋರ್ಡ್ ಶಾರ್ಟ್‌ಕಟ್ ಹಾಗೇ ಕೆಲಸ ಮಾಡುತ್ತಿರಬಹುದು, ಅದನ್ನೂ ತಡೆಯಬೇಕು. ಸರ್ವರ್‌ನಲ್ಲಿ ಅನುಮತಿಯ ತಪಾಸಣೆ ಹೇಗೂ ಬೇಕು. ಕಣ್ಣಿಗೆ ಕಾಣದಿರುವುದು ರಕ್ಷಣೆಯಲ್ಲ.

ಇನ್ನು ಮಂಕು ಮಾಡುವುದು. ಇದರ ತೊಡಕು ಒಂದೇ, ಆದರೆ ದೊಡ್ಡದು: ಕಾರಣ ಹೇಳಲು ಹೊರಟಾಗ ವೆಬ್ ಅಡ್ಡ ಬರುತ್ತದೆ. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲಿ ಬಟನ್‌ಗೆ ‘ಡಿಸೇಬಲ್ಡ್’ (ನಿಷ್ಕ್ರಿಯ) ಎಂಬ ಗುಣಲಕ್ಷಣ ಹಾಕಿದ ಕೂಡಲೇ ಟ್ಯಾಬ್ ಕೀ ಅದನ್ನು ದಾಟಿ ಹೋಗುತ್ತದೆ, ಕ್ಲಿಕ್ ತಲುಪುವುದಿಲ್ಲ. ಫೋಕಸ್ (ಕೀಬೋರ್ಡ್ ಸದ್ಯ ನಿಂತಿರುವ ಜಾಗ) ನಂಬಿದ ಟೂಲ್‌ಟಿಪ್, ಅಂದರೆ ಪಕ್ಕದಲ್ಲಿ ತೇಲುವ ಚಿಕ್ಕ ವಿವರಣೆ, ತೆರೆಯುವುದೇ ಇಲ್ಲ. ಮೌಸ್ ಮೇಲೆ ಬಂದ ಸೂಚನೆಯನ್ನು ನಂಬಿದ್ದು ಬ್ರೌಸರ್‌ನಿಂದ ಬ್ರೌಸರ್‌ಗೆ ಬೇರೆಬೇರೆಯಾಗಿ ವರ್ತಿಸುತ್ತದೆ. ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ‘ಪಾಯಿಂಟರ್-ಈವೆಂಟ್ಸ್: ನನ್’ ಸೇರಿಸಿದ್ದರಂತೂ ಮೌಸ್‌ಗೂ ಏನೂ ಸಿಗುವುದಿಲ್ಲ. ಬಟನ್ ಸುತ್ತ ಒಂದು ಸ್ಪ್ಯಾನ್ (ಬರಿಯ ಹೊದಿಕೆಯ ಟ್ಯಾಗ್) ಹಾಕಿ ಅದಕ್ಕೆ ಟೂಲ್‌ಟಿಪ್ ಕಟ್ಟುವ ತೇಪೆ ಮೌಸ್ ಹಿಡಿದವರಿಗೆ ಮಾತ್ರ ಆದೀತು.

ಸರಿಯಾದ ದಾರಿ ಹೀಗೆ. ‘ಡಿಸೇಬಲ್ಡ್’ ತೆಗೆದು ‘ಏರಿಯಾ-ಡಿಸೇಬಲ್ಡ್’ಗೆ ‘ಟ್ರೂ’ ಕೊಡಿ. ಇದು ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಸ್ಥಿತಿ ತಿಳಿಸುತ್ತದೆಯೇ ಹೊರತು ಕ್ಲಿಕ್ ತಡೆಯುವುದಿಲ್ಲ, ಹಾಗಾಗಿ ಒತ್ತಿದಾಗ ಓಡುವ ಕೋಡ್, ಅಂದರೆ ಕ್ಲಿಕ್ ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲೇ ಸ್ಥಿತಿ ನೋಡಿ ಹಿಂದಿರುಗಿ. ಮಂಕು ಬಣ್ಣವನ್ನೂ ಇದೇ ಗುಣಲಕ್ಷಣಕ್ಕೆ ಕಟ್ಟಿ. ಬಾಣದ ಕೀಲಿಗಳು ಮಂಕಾದ ಆಯ್ಕೆಯ ಮೇಲೂ ನಿಲ್ಲಲಿ; ಕಾರಣದ ಪಠ್ಯವನ್ನು ‘ಏರಿಯಾ-ಡಿಸ್ಕ್ರೈಬ್ಡ್‌ಬೈ’ ಮೂಲಕ ಜೋಡಿಸಿದರೆ ಅಲ್ಲಿಗೆ ಬಂದಾಗ ಸ್ಕ್ರೀನ್ ರೀಡರ್‌ಗೆ ಅದು ಸಿಗುತ್ತದೆ. ಫೋನ್‌ನಲ್ಲಿ ಬೆರಳಿಗೆ ಹೋವರ್ (ಒತ್ತದೆ ಮೇಲೆ ನಿಲ್ಲುವುದು) ಇಲ್ಲ. ಅಲ್ಲಿ ಹೆಸರಿನ ಕೆಳಗೇ ಚಿಕ್ಕ ಅಕ್ಷರದಲ್ಲಿ ಕಾರಣ ಬರೆಯಿರಿ. ನಿಷ್ಕ್ರಿಯ ಆಯ್ಕೆಗಳಿಗೆ ವೆಬ್ ಎಲ್ಲರಿಗೂ ಎಟುಕುವಂತಿರಲು ಇರುವ ಮಾರ್ಗಸೂಚಿ ಡಬ್ಲ್ಯೂಸಿಎಜಿಯ 4.5:1 ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ) ನಿಯಮದಿಂದ ವಿನಾಯಿತಿ ಇದೆ, ಆದರೆ ಕಾರಣದ ಸಾಲು ಓದುವುದಕ್ಕೆಂದೇ ಇರುವುದು. ಅದನ್ನು ಮಂಕು ಮಾಡಬೇಡಿ.

ಕೋಡ್‌ನಲ್ಲಿ ಒಂದು ಬದಲಾವಣೆಯಿಂದ ಅರ್ಧ ಕೆಲಸ ಮುಗಿಯುತ್ತದೆ. ಉದಾಹರಣೆಗೆ, ಕೋಷ್ಟಕದ ಕೋಶಗಳ ‘ವಿಲೀನ ಸಾಧ್ಯವೇ’ ಎಂದು ನೋಡುವ ಫಂಕ್ಷನ್ ಹೌದು-ಇಲ್ಲ ಎನ್ನುವ ಬದಲು ಕಾರಣವನ್ನೇ ಹಿಂದಿರುಗಿಸಲಿ; ಅಡ್ಡಿ ಇಲ್ಲದಿದ್ದರೆ ಖಾಲಿ. ಮೆನು, ಟೂಲ್‌ಬಾರ್, ಶಾರ್ಟ್‌ಕಟ್ ಮೂರೂ ಅದನ್ನೇ ಕೇಳಲಿ. ಕೇಳುವ ಹೊತ್ತು ಮೆನು ತೆರೆಯುವಾಗ: ಮ್ಯಾಕ್‌ನಲ್ಲಿ ‘ವ್ಯಾಲಿಡೇಟ್‌ಮೆನುಐಟಂ’, ವಿಂಡೋಸ್‌ನಲ್ಲಿ ‘ಡಬ್ಲ್ಯೂಎಂ_ಇನಿಟ್‌ಮೆನುಪಾಪಪ್’ ಸಂದೇಶ ಇರುವುದೇ ಇದಕ್ಕೆ. ಕಾರಣದ ಮಾತು ಮುಂದಿನ ಹೆಜ್ಜೆ ತಿಳಿಸಬೇಕು. ‘ಲಭ್ಯವಿಲ್ಲ’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ಎರಡು ಅಥವಾ ಹೆಚ್ಚು ಕೋಶಗಳನ್ನು ಆರಿಸಿ’ ಎಂದರೆ ಕೆಲಸ ಮುಂದೆ ಸಾಗುತ್ತದೆ.

ಸದಾ ಸಕ್ರಿಯವಾಗಿಟ್ಟು ಒತ್ತಿದಾಗ ಹೇಳುವ ಮೂರನೆಯ ದಾರಿ, ತಪಾಸಣೆಗೆ ಸರ್ವರ್‌ಗೆ ಹೋಗಿ ಬರಬೇಕಾದಲ್ಲಿ ಸರಿ. ಅದಕ್ಕಾಗಿ ಮೆನು ತೆರೆಯುವುದನ್ನು ತಡಮಾಡಬಾರದು. ಉಳಿದ ಕಡೆ ಒತ್ತಿದ ಮೇಲೆ ‘ಆಗದು’ ಎನ್ನುವ ಪೆಟ್ಟಿಗೆ ಮತ್ತೆ ಮತ್ತೆ ಎದುರಾದರೆ ಬಳಸುವವರು ಆ ಮೆನುವನ್ನೇ ನಂಬುವುದಿಲ್ಲ.

ರೈಟ್ ಕ್ಲಿಕ್ ಮೆನುವಿನಲ್ಲಿ ಮಾತ್ರ ನಾನೂ ಅಡಗಿಸುತ್ತೇನೆ. ಅದು ಆರಿಸಿದ ವಸ್ತುವಿಗೆ ತಕ್ಕಂತೆ ಹೇಗೂ ಬದಲಾಗುವಂಥದ್ದು. ಆ್ಯಪಲ್ ಮಾರ್ಗಸೂಚಿಯೂ ಅಲ್ಲಿ ಅಡಗಿಸಿ ಎನ್ನುತ್ತದೆ, ಕಟ್, ಕಾಪಿ, ಪೇಸ್ಟ್ ಬಿಟ್ಟು. ಬಳಸುವವರ ಹುದ್ದೆಗೆ ಎಂದೂ ಸಿಗದ ಆಡಳಿತದ ಆಯ್ಕೆಗಳನ್ನೂ ಅಡಗಿಸುತ್ತೇನೆ. ಕೇಳಿದರೆ ಸಿಗುವಂಥದ್ದಾದರೆ ಮಂಕು ಮಾಡಿ ಯಾರನ್ನು ಕೇಳಬೇಕೆಂದು ಬರೆಯುತ್ತೇನೆ.

ಮೌಸ್ ಮುಟ್ಟದೆ ಕೆಲಸ ಮಾಡುವ ನನಗೆ ಆಯ್ಕೆಗಳು ಜಾಗ ಬದಲಿಸದಿರುವುದೇ ಮುಖ್ಯ, ಈ ತೀರ್ಪಿನಲ್ಲಿ ಅದರ ಪಾಲು ದೊಡ್ಡದು. ಖರ್ಚು ಇರುವುದು ಕಾರಣಗಳನ್ನು ಬರೆದು ಪ್ರತಿ ಭಾಷೆಗೂ ಅನುವಾದಿಸುವುದರಲ್ಲಿ. ಚಿಕ್ಕ ತಂಡಕ್ಕೆ ಎಲ್ಲವೂ ಒಮ್ಮೆಗೇ ಆಗದು. ಸಹಾಯವಾಣಿಗೆ ಅತಿ ಹೆಚ್ಚು ಪ್ರಶ್ನೆ ತರುವ ಆಯ್ಕೆಗಳಿಂದ ಶುರುಮಾಡಿ, ಉಳಿದವನ್ನು ಸದ್ಯಕ್ಕೆ ಕಾರಣವಿಲ್ಲದೆಯೇ ಮಂಕಾಗಿ ಬಿಡಿ.