ಸೊಂಟಕ್ಕೆ ಯಾವ ರಿವಾಲ್ವರ್? ಹಳೇ .32, ನಿರ್ಭೀಕ್, ಪ್ರಬಲ್

ಭತ್ತದ ಸೀಜನ್ ಬಂತೆಂದರೆ ಸಿಂಧನೂರಿನ ದಲಾಲಿ ವ್ಯಾಪಾರಿ ಕೈಯಲ್ಲಿ ನಗದು ಇದ್ದೇ ಇರುತ್ತದೆ. ಕ್ಯಾಂಪ್‌ಗಳಿಂದ (ಸುತ್ತಲಿನ ರೈತರ ಊರುಗಳಿಂದ) ವಾಪಸ್ ಬರುವುದು ಕತ್ತಲಾದ ಮೇಲೆ, ಕಾಲುವೆ ದಂಡೆಯ ಮೇಲೆ. ನನಗೆ ಲೈಸೆನ್ಸ್ ಇರುವುದು ಇದೇ ಕಾರಣಕ್ಕೆ.

ನಮ್ಮಂಥವರಿಗೆ ಆಯ್ಕೆ ಜಾಸ್ತಿ ಇಲ್ಲ. ಬೋರ್ ಅಂದರೆ ನಳಿಗೆಯ ಒಳ ಅಳತೆ; 9 ಎಂಎಂ ಸಾಮಾನ್ಯರಿಗೆ ನಿಷೇಧಿತ ಬೋರ್, ಕೇಳುವ ಹಾಗೇ ಇಲ್ಲ. ಸುತ್ತಿ ಬಳಸಿ .32ಕ್ಕೇ, ಅಂದರೆ ಸುಮಾರು 0.32 ಇಂಚಿನ ಬೋರಿಗೇ ಬರಬೇಕು. ನನಗೆ ಗೊತ್ತಿರುವ .32 ರಿವಾಲ್ವರ್ ಮೂರು: ಅಪ್ಪನಿಂದ ನನ್ನ ಲೈಸೆನ್ಸಿಗೆ ಬಂದ ಕಾನ್ಪುರದ ಹಳೇ ಉಕ್ಕಿನ ರಿವಾಲ್ವರ್, ನಾನು ಕೊಂಡ ನಿರ್ಭೀಕ್, ನಮ್ಮ ಭಾವನವರ ಪ್ರಬಲ್. ಪ್ರಬಲ್ ನಾನು ಹಾರಿಸಿದ್ದು ಗುಂಡು ಹಾರಿಸುವ ಅಭ್ಯಾಸದ ರೇಂಜಿನಲ್ಲಿ, ಅವರ ಎದುರಿಗೇ. ಬೇರೆಯವರ ಆಯುಧ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಲು ಬರುವುದಿಲ್ಲ. ಹಾಗಾಗಿ ಇಟ್ಟುಕೊಂಡು ಓಡಾಡುವ ಮಾತು ಬಂದಾಗ ಅದು ಭಾವನವರ ಅನುಭವ.

ಹಳೆಯದು ಬ್ರಿಟನ್ನಿನ ವೆಬ್ಲಿ ರಿವಾಲ್ವರ್ ಮಾದರಿಯದು. ಚಿಲಕ ಒತ್ತಿದರೆ ನಳಿಗೆ ಕೆಳಕ್ಕೆ ಮಡಚಿ ತೆರೆದುಕೊಳ್ಳುತ್ತದೆ, ಹಾರಿದ ಗುಂಡುಗಳ ಆರೂ ಖಾಲಿ ಕೇಸುಗಳು ಒಟ್ಟಿಗೇ ಮೇಲೆದ್ದು ಬರುತ್ತವೆ. ಟ್ರಿಗರ್ ಗಟ್ಟಿ, ಆದರೆ ಗುರಿ ಚೆನ್ನಾಗಿ ಕೂರುತ್ತದೆ. ಅದರ ವೈರಿ ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ ಇಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಬನಿಯನ್ ತೋಯ್ದು ಬೆವರು ಸೊಂಟಕ್ಕೆ ಇಳಿಯುತ್ತದೆ. ಸಂಜೆ ತೆಗೆದು ಒರೆಸಿದರೂ ಹಿಡಿಯ ಅಂಚಿನಲ್ಲಿ, ಗುಂಡು ತುಂಬುವ ಸಿಲಿಂಡರಿನ ಗೀರುಗಳಲ್ಲಿ ಕಂದು ಪುಡಿ ಕಾಣಿಸುತ್ತದೆ. ಎಣ್ಣೆ ಜಾಸ್ತಿ ಹಾಕಿದರೆ ಬಿಳಿ ಅಂಗಿಗೆ ಕಲೆ. ಮನೆಯಲ್ಲಿ ಬೈಗುಳ ಬೇರೆ!

ನಿರ್ಭೀಕ್ ಬಂದಿದ್ದು 2014ರಲ್ಲಿ. 2012ರ ದೆಹಲಿಯ ನಿರ್ಭಯಾ ಅತ್ಯಾಚಾರ ಪ್ರಕರಣದ ನಂತರ ಮಹಿಳೆಯರಿಗೆಂದು ಕಾನ್ಪುರದಲ್ಲೇ ಮಾಡಿದ್ದು. ಆಗ ಅದರ ಬೆಲೆ 1,22,360 ರೂಪಾಯಿ. ಇಷ್ಟು ದುಡ್ಡು ಯಾವ ಹೆಣ್ಣುಮಗಳ ಕೈಯಲ್ಲಿರುತ್ತದೆ ಎಂದು ಆಗಲೇ ಹಲವರು ಕೇಳಿದ್ದರು. ಅದು ನ್ಯಾಯವಾದ ಪ್ರಶ್ನೆಯೇ. ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು ಅರ್ಧ ಕೆಜಿ. ತೆಳು ಕಾಟನ್ ಅಂಗಿಯೊಳಗೆ ಈ ತೂಕವೇ ಎಲ್ಲ. ಬೆಲ್ಟ್ ಜೋತು ಬೀಳುವುದಿಲ್ಲ, ಗದ್ದಿಗೆಯ ಮೇಲೆ ಚಕ್ಕಳಮಕ್ಕಳ ಕೂತರೂ ಹೊಟ್ಟೆಗೆ ಒತ್ತುವುದಿಲ್ಲ. ಬೆವರಿಗೂ ಅಷ್ಟಾಗಿ ಜಗ್ಗುವುದಿಲ್ಲ. ಹಗುರ ಆದ್ದರಿಂದ ಹಾರಿಸಿದಾಗ ಅಂಗೈಗೆ ಏಟು ಸ್ವಲ್ಪ ಜಾಸ್ತಿ. .32 ಆಗಿರುವುದಕ್ಕೆ ಸಹಿಸಬಹುದು.

ಪ್ರಬಲ್ 2023ರದು. ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ, ನಳಿಗೆ ಮಡಚುವ ಕೆಲಸವೇ ಇಲ್ಲ. ನಳಿಗೆ 76 ಮಿಮೀ, ಇಡೀ ಉದ್ದ 177.6 ಮಿಮೀ, ತೂಕ 700 ಗ್ರಾಂ ಹತ್ತಿರ. 50 ಮೀಟರ್ ದೂರಕ್ಕೆ ಹೊಡೆಯುತ್ತದೆ ಎಂದೇ ಇದರ ಪ್ರಚಾರ. ಇರಲಿ, ಆದರೆ 50 ಮೀಟರ್ ದೂರದಲ್ಲಿ ಇರುವವನಿಂದ ಓಡಿ ಹೋಗಬಹುದಲ್ವಾ? ದುಡ್ಡಿನ ಚೀಲಕ್ಕೆ ಕೈ ಹಾಕುವವನು ಬೈಕಿನ ಪಕ್ಕದಲ್ಲೇ ಇರುತ್ತಾನೆ. ರೇಂಜಿನಲ್ಲಿ ಮಾತ್ರ ಇದೇ ನನಗೆ ಹಿಡಿಸಿತು. ಟ್ರಿಗರ್ ನಯ, ಗುಂಡುಗಳು ಹತ್ತಿರ ಹತ್ತಿರ ಬಿದ್ದವು. ಭಾವನವರು ಯಾವಾಗಲೂ ಪ್ಯಾಂಟು, ದಪ್ಪ ಬೆಲ್ಟು, ಮೇಲೊಂದು ಜಾಕೆಟ್ಟು. ಅವರಿಗೆ ತೂಕದ ಚಿಂತೆ ಇಲ್ಲ.

.32ಕ್ಕಿಂತ ಚಿಕ್ಕ ಬೋರಿನ, .22ರ ನಿಡರ್ ರಿವಾಲ್ವರ್ ಕೂಡ ಇದೆ, ಬರೀ 250 ಗ್ರಾಂ. ಡೀಲರ್ ಅಂಗಡಿಯಲ್ಲಿ ಹಿಡಿದು ನೋಡಿದೆ, ಅಷ್ಟೇ. .22ರ ಮೇಲೆ ನನಗೆ ಭರವಸೆ ಇಲ್ಲ.

ಯಾವುದು ಕೊಂಡರೂ ಹೋಲ್‌ಸ್ಟರ್‌ಗೆ ಜಿಪುಣತನ ಬೇಡ. ಸಾರ್ವಜನಿಕ ಜಾಗದಲ್ಲಿ ಆಯುಧ ಹೋಲ್‌ಸ್ಟರ್‌ನಲ್ಲಿ, ಕಾಣದ ಹಾಗೆ ಇರಬೇಕು ಎಂದು 2016ರ ಆಯುಧ ನಿಯಮವೇ ಹೇಳುತ್ತದೆ. ಜೇಬಿನಲ್ಲಿ ಸುಮ್ನೆ ಇಳಿಬಿಟ್ಟುಕೊಳ್ಳುವವರನ್ನು ನೋಡಿದರೆ ಎದೆ ಝಲ್ ಎನ್ನುತ್ತದೆ. ಟ್ರಿಗರ್ ಪೂರ್ತಿ ಮುಚ್ಚಬೇಕು. ಚರ್ಮದ್ದು ಬೆವರು ಹೀರಿ ಹಿಡಿದಿಡುತ್ತದೆ, ಹಾಗಾಗಿ ರಾತ್ರಿ ಆಯುಧವನ್ನು ಅದರಲ್ಲೇ ಬಿಡಬೇಡಿ. ಚುನಾವಣೆ ಬಂದಾಗ ಆಯುಧವನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸುವಾಗಲೂ ಚೆನ್ನಾಗಿ ಎಣ್ಣೆ ಸವರಿ, ಹೋಲ್‌ಸ್ಟರ್ ಬೇರೆ, ರಿವಾಲ್ವರ್ ಬೇರೆ ಕಟ್ಟಿ ಕೊಡಿ.

ನನ್ನ ಸೊಂಟದಲ್ಲಿ ಈಗ ಇರುವುದು ನಿರ್ಭೀಕ್. ಅಪ್ಪನದು ಮನೆಯ ಲಾಕರಿನಲ್ಲಿದೆ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಎರಡೇ ಆಯುಧ. ಪ್ರಬಲ್ ಬೇಕೆಂದರೆ ಅಪ್ಪನದನ್ನು ಬಿಡಬೇಕು. ಅದಕ್ಕೆ ಇನ್ನೂ ಮನಸ್ಸಿಲ್ಲ.