ಪ್ರೀಮಿಯಂ, ಡಾಲರ್ ಸೈಟು, ಕ್ಯೂಆರ್ ಕೋಡ್: ಮೂರನ್ನೂ ನೋಡಿದ ಮೇಲೆ

ಯೂಟ್ಯೂಬಿನಲ್ಲಿ ಕರ್ಣಪರ್ವದ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಆಡುವ ಯಕ್ಷಗಾನ. ತೊಟ್ಟ ಬಾಣವನ್ನು ಮತ್ತೆ ತೊಡು ಎಂದು ಶಲ್ಯ ಹೇಳಿ ಮುಗಿಸಿದ್ದ. ಕರ್ಣ ಏನನ್ನುತ್ತಾನೋ ಎಂದು ಅಮ್ಮ ಬಿಡಿಸುತ್ತಿದ್ದ ಹರಿವೆ ಸೊಪ್ಪನ್ನು ಹಾಗೇ ಕೈಯಲ್ಲಿ ಹಿಡಿದು ಕೂತಿದ್ದರು. ಅಷ್ಟರಲ್ಲಿ ಫೋನಿನಲ್ಲಿ ಸಾಲದ ಆ್ಯಪಿನ ಜಾಹೀರಾತು. ಆ ಪ್ರಸಂಗ ಮುಗಿಯುವಷ್ಟರಲ್ಲಿ ಹನ್ನೊಂದು ಸಲ ಹೀಗಾಯಿತು. ಕೂತು ಎಣಿಸಿದ್ದೇನೆ.

ಊರೂರು ಸುತ್ತಿ, ಕಲಾವಿದರ ಒಪ್ಪಿಗೆ ಪಡೆದು ಇದನ್ನೆಲ್ಲ ರೆಕಾರ್ಡ್ ಮಾಡುವವರಿಗೆ ದುಡ್ಡು ಸಿಗಲೇಬೇಕು, ಅಲ್ವಾ? ಅದಕ್ಕೇ ಬೇರೆ ದಾರಿ ಹುಡುಕಿದೆ. ನನಗೆ ಹಿಡಿಸಿದ್ದು ಅವರ ವಿಡಿಯೊ ಕೆಳಗಿದ್ದ ಯುಪಿಐ ಕ್ಯೂಆರ್ ಕೋಡ್.

ಮೊದಲು ಯೂಟ್ಯೂಬ್ ಪ್ರೀಮಿಯಂ ತಗೊಂಡೆ, ತಿಂಗಳಿಗೆ 149 ರೂಪಾಯಿ. ಜಾಹೀರಾತು ಪೂರ್ತಿ ಹೋಯಿತು, ಸ್ಕ್ರೀನ್ ಆರಿದರೂ ಪದ ಕೇಳುತ್ತದೆ. ಆದರೆ ಆ ದುಡ್ಡಿನ ಒಂದು ಪಾಲು, ಜನ ನೋಡಿದ ಹೊತ್ತಿನ ಲೆಕ್ಕದಲ್ಲಿ, ಎಲ್ಲರಿಗೂ ಹಂಚಿಹೋಗುತ್ತದೆ. ನಮ್ಮ ತಾಳಮದ್ದಳೆಯವರಿಗೆ ಎಷ್ಟು ತಲುಪಿತು ಎಂದು ತಿಳಿಯುವ ದಾರಿಯೇ ಇಲ್ಲ.

ಯೂಟ್ಯೂಬ್ ಚಾನೆಲ್ ಸದಸ್ಯತ್ವದಲ್ಲಾದರೆ ತೆರಿಗೆ, ಶುಲ್ಕ ಕಳೆದು ಉಳಿದದ್ದರಲ್ಲಿ 70% ಆ ಚಾನೆಲಿನವರಿಗೇ ಹೋಗುತ್ತದೆ. ಇವರು ಅದನ್ನು ಇಟ್ಟಿರಲಿಲ್ಲ.

ಆಮೇಲೆ ಡಾಲರ್ ಸೈಟು, ಅಂದರೆ ಕಲಾವಿದರಿಗೆ ತಿಂಗಳು ತಿಂಗಳು ಡಾಲರಿನಲ್ಲಿ ದುಡ್ಡು ಕೊಡುವ ವಿದೇಶಿ ಜಾಲತಾಣ. ಅಮೆರಿಕದಲ್ಲಿರುವ ಯಕ್ಷಗಾನ ಪ್ರಿಯರಿಗೆಂದು ಇವರು ಅಲ್ಲೊಂದು ಪುಟ ತೆರೆದಿದ್ದರು. ತಿಂಗಳಿಗೆ 3 ಡಾಲರ್. ಮೊದಲ ತಿಂಗಳು ಓಟಿಪಿ ಬಂತು, ಹಣ ಹೋಯಿತು. ಎರಡನೇ ತಿಂಗಳು 1ನೇ ತಾರೀಖು ‘ಪಾವತಿ ವಿಫಲ’ ಎಂದು ಮೇಲ್ ಬಂತು. ಮೂರನೇ ತಿಂಗಳೂ ಅದೇ.

ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗಬೇಕಾದರೆ ಮೊದಲೇ ಬ್ಯಾಂಕಿನಲ್ಲಿ ನೋಂದಣಿ ಆಗಿರಬೇಕು, ಪ್ರತಿ ಸಲ 24 ಗಂಟೆ ಮುಂಚೆ ಸೂಚನೆ ಬರಬೇಕು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಇದನ್ನು ಕಡ್ಡಾಯ ಮಾಡಿದೆ. ನಿಯಮ ಒಳ್ಳೆಯದೇ, ಗೊತ್ತಿಲ್ಲದೆ ದುಡ್ಡು ಸೋರುವುದಿಲ್ಲ. ಆದರೆ ನನ್ನ ಕಾರ್ಡಿಗೆ ಆ ಸೈಟಿನ ನೋಂದಣಿ ಆಗಲೇ ಇಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ ‘ಸೈಟಿನವರನ್ನು ಕೇಳಿ’ ಎಂದರು. ಸೈಟಿನವರು ‘ಬ್ಯಾಂಕನ್ನು ಕೇಳಿ’ ಎಂದು ಉತ್ತರ ಬರೆದರು. ಪ್ರತಿ ತಿಂಗಳೂ ಕಾರ್ಡ್ ನಂಬರ್ ಹೊಸದಾಗಿ ಹಾಕಬೇಕು. ಮೇಲಿಂದ ವಿದೇಶಿ ವಹಿವಾಟಿನ ಶುಲ್ಕ, ಅದರ ಮೇಲೆ ಜಿಎಸ್‌ಟಿ. ನಾಲ್ಕನೇ ತಿಂಗಳು ಬೆಂಬಲಿಗರ ಪಟ್ಟಿಯಿಂದ ನನ್ನ ಹೆಸರೇ ಹೋಗಿತ್ತು. ಅವರಿಗೆ ನಾನೇ ನಿಲ್ಲಿಸಿದೆ ಅನಿಸಿರಬಹುದಲ್ಲ ಎಂದು ಬೇಸರವಾಯಿತು.

ಅವತ್ತೇ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ 100 ರೂಪಾಯಿ ಹಾಕಿದೆ. ನೋಟ್‌ನಲ್ಲಿ ‘ಕರ್ಣಪರ್ವಕ್ಕೆ’ ಎಂದು ಬರೆದೆ. ಮಧ್ಯದಲ್ಲಿ ಯಾರೂ ಏನೂ ಹಿಡಿದುಕೊಳ್ಳುವುದಿಲ್ಲ, ಪೂರ್ತಿ ನೂರೂ ಅವರ ಖಾತೆಗೆ. ತಾನಾಗಿ ಹೋಗುವುದಿಲ್ಲ, ನೆನಪಿಟ್ಟು ಹಾಕಬೇಕು. ಸಂಬಳ ಬಂದ ದಿನ ಹಾಲಿನವರಿಗೆ ಕಳಿಸುವಾಗಲೇ ಇವರಿಗೂ ಕಳಿಸುತ್ತೇನೆ.

ಯುಪಿಐ ಮಾಡಿದರೆ ಜಾಹೀರಾತು ಹೋಗುವುದಿಲ್ಲ, ನಿಜ. ಆದರೆ ದುಡ್ಡು ಹಾಕಿದವರು ಕೇಳಿದರೆ ಅವರು ಆಡಿಯೊ ಫೈಲನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಹಾಗಾಗಿ ಪ್ರೀಮಿಯಂ ನಿಲ್ಲಿಸಿದೆ. ದಿನವಿಡೀ ವಿಡಿಯೊ ನೋಡುವ ಮನೆಯಾದರೆ ಅದನ್ನು ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಕೇಳುವುದೇ ಜಾಸ್ತಿ. ನಿನ್ನೆ ಅಮ್ಮ ಆ ಕರ್ಣಪರ್ವವನ್ನು ಮತ್ತೆ ಹಾಕಿಸಿಕೊಂಡರು. ಶಲ್ಯನ ಮಾತು ಮುಗಿಯುತ್ತಿದ್ದಂತೆ ಕರ್ಣ ಮಾತಾಡಿದ.